ತಮ್ಮನನ್ನು ಬ್ಯಾನ್ ಮಾಡಿದ್ದಾರೆ, ಯಾರನ್ನು ಕೇಳೋದು?

ಪ್ರಶ್ನೆ: ಸರ್, ನನ್ನ ತಮ್ಮನಿಗೆ 17 ವರ್ಷ. ಮೂರು ವರ್ಷದಿಂದ ಗೆಳೆಯರ ಜೊತೆ ಐದು ಜನರ ಟೀಮ್ ಕಟ್ಟಿಕೊಂಡು ಒಂದು ಶೂಟಿಂಗ್ ಗೇಮ್ ಆಡ್ತಿದ್ದಾನೆ. ಹೋದ ವಾರ ಒಂದು ಆನ್‌ಲೈನ್ ಟೂರ್ನಮೆಂಟ್‌ನ ಸೆಮಿಫೈನಲ್ ಗೆದ್ದರು. ಮಾರನೇ ದಿನ ಆಯೋಜಕರಿಂದ ಎರಡೇ ಸಾಲಿನ ಮೇಲ್ ಬಂತು. 'ನಿಯಮ ಉಲ್ಲಂಘನೆ ಕಂಡುಬಂದಿದೆ, ಎರಡು ವರ್ಷ ಬ್ಯಾನ್. ತೀರ್ಮಾನ ಅಂತಿಮ.' ಅಷ್ಟೇ. ಟೀಮ್‌ನ ಬಹುಮಾನದ ಹಣವನ್ನೂ ತಡೆಹಿಡಿದಿದ್ದಾರೆ. ಚೀಟ್ ಮಾಡಿಲ್ಲ ಅಂತ ಅಳ್ತಾ ಹೇಳ್ತಾನೆ. ನನಗೆ ಗೇಮ್ ಗೊತ್ತಿಲ್ಲ, ಆದರೆ ಅವನನ್ನು ನಂಬ್ತೀನಿ. ಫುಟ್‌ಬಾಲ್‌ಗೆ ಫಿಫಾ ಇದ್ದ ಹಾಗೆ ಇದಕ್ಕೂ ಒಂದು ದೊಡ್ಡ ಸಂಸ್ಥೆ ಇರಬೇಕಲ್ವಾ? ಯಾರಿಗೆ ದೂರು ಕೊಡೋದು? ಈ ಬ್ಯಾನ್ ಎಲ್ಲ ಕಡೆಗೂ ಅನ್ವಯಿಸುತ್ತಾ? ಇದರ ನಡುವೆ ಒಂದು ವೃತ್ತಿಪರ ಟೀಮ್‌ನವರು ನಾಲ್ಕು ವರ್ಷದ ಕಾಂಟ್ರ್ಯಾಕ್ಟ್ ಕಳಿಸಿದ್ದಾರೆ. ಬ್ಯಾನ್ ವಿಷಯ ಅವರಿಗೆ ಗೊತ್ತಿಲ್ಲ. ಗೊತ್ತಾಗೋದರೊಳಗೆ ಸಹಿ ಹಾಕಿಬಿಡ್ತೀನಿ ಅಂತಾನೆ. 'ಇದೆಲ್ಲ ಜೂಜು, ಇದಕ್ಕೆ ಕಾನೂನೂ ಇಲ್ಲ, ಕಟ್ಟಳೆಯೂ ಇಲ್ಲ' ಅಂತ ದೊಡ್ಡಪ್ಪ ಬೈತಾರೆ. ನನಗೆ ದಿಕ್ಕೇ ತೋಚ್ತಿಲ್ಲ.

ಉತ್ತರ: ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಆ ಸೆಮಿಫೈನಲ್‌ನ ರಿಪ್ಲೇ ಫೈಲ್, ಅಂದರೆ ಪಂದ್ಯವನ್ನು ಮತ್ತೆ ಓಡಿಸಿ ನೋಡುವ ದಾಖಲೆ, ಇನ್ನೂ ಸಿಗುತ್ತದೆಯಾ ಅಂತ ತಮ್ಮನನ್ನು ಕೇಳಿ. ಸಿಕ್ಕರೆ ಈಗಲೇ ಡೌನ್‌ಲೋಡ್ ಮಾಡಿಸಿ, ಎರಡು ಕಡೆ ಇಟ್ಟುಕೊಳ್ಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ, ಆದರೆ ಬೇರು ಒಂದೇ. ಒಬ್ಬ ಹುಡುಗನಿಗೆ ಶಿಕ್ಷೆ ಆಗಿದೆ, ಏನು ತಪ್ಪು ಅಂತ ಯಾರೂ ಹೇಳಿಲ್ಲ, ಯಾರನ್ನು ಕೇಳಬೇಕು ಅಂತಲೂ ಗೊತ್ತಿಲ್ಲ. ನಾನು ಹಲವು ವರ್ಷ ಟೂರ್ನಮೆಂಟ್‌ಗಳಲ್ಲಿ ರೆಫರಿಯಾಗಿ ಕೂತವನು. ಈಗ ಆಟಗಾರರಿಗೆ ರೂಲ್‌ಬುಕ್, ಕಾಂಟ್ರ್ಯಾಕ್ಟ್ ವಿಷಯದಲ್ಲಿ ಸಲಹೆ ಕೊಡುತ್ತೇನೆ. ಮೇಜಿನ ಎರಡೂ ಕಡೆ ಕೂತು ನೋಡಿದ್ದೇನೆ.

ಮೊದಲು ಫಿಫಾ ಪ್ರಶ್ನೆ. ಇಲ್ಲ, ಇ-ಸ್ಪೋರ್ಟ್ಸ್‌ಗೆ, ಅಂದರೆ ವಿಡಿಯೋ ಗೇಮ್ ಸ್ಪರ್ಧೆಗಳಿಗೆ, ಅಂಥ ಒಂದೇ ಸಂಸ್ಥೆ ಇಲ್ಲ. ಇದು ಯಾರದೋ ಸೋಮಾರಿತನದಿಂದ ಆದದ್ದಲ್ಲ. ಫುಟ್‌ಬಾಲ್ ಯಾರ ಆಸ್ತಿಯೂ ಅಲ್ಲ. ಚೆಂಡು, ಬಯಲು, ಹತ್ತು ಜನ ಇದ್ದರೆ ಆಟ ಶುರು. ವಿಡಿಯೋ ಗೇಮ್ ಹಾಗಲ್ಲ. ಲೀಗ್ ಆಫ್ ಲೆಜೆಂಡ್ಸ್, ವ್ಯಾಲೊರಂಟ್ ಎರಡೂ ರಾಯಟ್ ಕಂಪನಿಯ ಆಸ್ತಿ. ಕೌಂಟರ್-ಸ್ಟ್ರೈಕ್, ಡೋಟಾ 2 ವಾಲ್ವ್ ಕಂಪನಿಯವು. ಈ ಕಂಪನಿಗಳನ್ನೇ ಪಬ್ಲಿಷರ್ ಅನ್ನುತ್ತಾರೆ. ಟೂರ್ನಮೆಂಟ್ ನಡೆಸಬೇಕಾದರೆ ಅವರ ಲೈಸೆನ್ಸ್ ಬೇಕು, ಪಂದ್ಯ ಪ್ರಸಾರ ಮಾಡಬೇಕಾದರೆ ಅವರ ಒಪ್ಪಿಗೆ ಬೇಕು. ಒಂದು ಅಪ್‌ಡೇಟ್ ಬಿಟ್ಟರೆ ಬಂದೂಕಿನ ಬಲವೇ ಬದಲಾಗುತ್ತದೆ. ಸರ್ವರ್ ಮುಚ್ಚಿದರೆ ಆಟವೇ ಇಲ್ಲ.

ಇದು ಬಾಯಿಮಾತಲ್ಲ. ಹೀರೋಸ್ ಆಫ್ ದ ಸ್ಟಾರ್ಮ್ ಅನ್ನೋ ಗೇಮ್‌ಗೆ ಜಗತ್ತಿನಾದ್ಯಂತ ವೃತ್ತಿಪರ ಲೀಗ್ ಇತ್ತು. 2018ರ ಡಿಸೆಂಬರ್‌ನಲ್ಲಿ ಬ್ಲಿಝಾರ್ಡ್ ಕಂಪನಿ ಒಂದು ಪ್ರಕಟಣೆ ಹಾಕಿ, ಮುಂದಿನ ವರ್ಷ ಲೀಗ್ ಇರೋದಿಲ್ಲ ಅಂದಿತು. ಅದನ್ನೇ ನಂಬಿ ಬದುಕುತ್ತಿದ್ದ ಆಟಗಾರರು, ಕೋಚ್‌ಗಳು, ಕಾಮೆಂಟರಿ ಹೇಳುವವರು ಒಂದೇ ದಿನದಲ್ಲಿ ಕೆಲಸ ಕಳೆದುಕೊಂಡರು. ಇನ್ನೊಂದು ನೋಡಿ. ಹಾರ್ತ್‌ಸ್ಟೋನ್ ಗೇಮ್ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪದಕದ ಪಟ್ಟಿಯಲ್ಲಿತ್ತು. 2023ರ ಜನವರಿಯಲ್ಲಿ ಬ್ಲಿಝಾರ್ಡ್‌ಗೂ ಅದರ ಚೀನೀ ಪಾಲುದಾರ ಕಂಪನಿಗೂ ಇದ್ದ ಒಪ್ಪಂದ ಮುಗಿಯಿತು, ಚೀನಾದಲ್ಲಿ ಗೇಮ್ ನಿಂತಿತು, ಪಟ್ಟಿಯಿಂದ ಹೆಸರು ಹೋಯಿತು. ಎರಡು ಕಂಪನಿಗಳ ಲೈಸೆನ್ಸ್ ಮುಗಿದದ್ದಕ್ಕೆ ಒಂದು ಪದಕವೇ ಮಾಯವಾಯಿತು. ಓಟಕ್ಕೋ ಕುಸ್ತಿಗೋ ಹೀಗಾಗೋದನ್ನು ಊಹಿಸೋಕೂ ಆಗೋದಿಲ್ಲ.

ಹಾಗಾದರೆ ಫೆಡರೇಶನ್ ಅಂತ ಹೆಸರಿರುವ ಸಂಸ್ಥೆಗಳು? ಇವೆ. ಅಂತರರಾಷ್ಟ್ರೀಯ ಇ-ಸ್ಪೋರ್ಟ್ಸ್ ಫೆಡರೇಶನ್ 2008ರಲ್ಲಿ ಕೊರಿಯಾದಲ್ಲಿ ಹುಟ್ಟಿತು. ಗ್ಲೋಬಲ್ ಇ-ಸ್ಪೋರ್ಟ್ಸ್ ಫೆಡರೇಶನ್ 2019ರಲ್ಲಿ ಸಿಂಗಾಪುರದಲ್ಲಿ ಶುರುವಾಯಿತು. ಎರಡೂ ಜಾಗತಿಕ ಸಂಸ್ಥೆಗಳೇ, ಒಂದಕ್ಕೊಂದು ಅಧೀನವಲ್ಲ. ದೇಶ-ದೇಶಗಳ ನಡುವಿನ ಪಂದ್ಯಗಳು, ರಾಷ್ಟ್ರೀಯ ತಂಡದ ಆಯ್ಕೆ, ಸರ್ಕಾರಗಳ ಜೊತೆ ಮಾತುಕತೆ, ಇವು ಇಂಥ ಸಂಸ್ಥೆಗಳ ಕೆಲಸ. ದೊಡ್ಡ ಹಣದ ಲೀಗ್‌ಗಳ ಮೇಲೆ ಅವರ ಹಿಡಿತ ಇಲ್ಲ. ಖಾಸಗಿ ಆಯೋಜಕ ಹಾಕಿದ ಬ್ಯಾನನ್ನು ತೆಗೆಸುವ ಅಧಿಕಾರವೂ ಇಲ್ಲ. 'ನಾವು ಫೆಡರೇಶನ್‌ನವರು, ಇಷ್ಟು ಹಣ ಕೊಟ್ಟರೆ ಬ್ಯಾನ್ ತೆಗೆಸ್ತೀವಿ' ಅಂತ ಯಾರಾದರೂ ಮೆಸೇಜ್ ಮಾಡಿದರೆ ಉತ್ತರಿಸಬೇಡಿ. ಇಂಥವರು ಹುಡುಗರ ಇನ್‌ಬಾಕ್ಸ್‌ಗೆ ಬಂದೇ ಬರುತ್ತಾರೆ.

ತುಂಬ ಬಲವಾದ ಸಂಘ ಇದ್ದ ಕಡೆಯೂ ಕೊನೆಯ ಮಾತು ಪಬ್ಲಿಷರ್‌ದೇ ಆಯಿತು. ಕೊರಿಯಾದಲ್ಲಿ ಕೆಸ್ಪಾ ಅನ್ನೋ ಸಂಘ 2000ದಲ್ಲಿ ಸರ್ಕಾರದ ಒಪ್ಪಿಗೆಯಿಂದ ಹುಟ್ಟಿತು. ಬ್ಲಿಝಾರ್ಡ್ ಕಂಪನಿಯ ಸ್ಟಾರ್‌ಕ್ರಾಫ್ಟ್ ಗೇಮ್‌ನ ಪಂದ್ಯಗಳು ಟಿವಿಯಲ್ಲಿ ಮನೆಮಾತಾದದ್ದು ಅವರ ಕಾಲದಲ್ಲೇ. ಪ್ರಸಾರದ ಹಕ್ಕು ಯಾರದು ಅಂತ 2010ರ ಹೊತ್ತಿಗೆ ಬ್ಲಿಝಾರ್ಡ್ ಜೊತೆ ಜಗಳ ಶುರುವಾಗಿ ಕೋರ್ಟಿನ ಮೆಟ್ಟಿಲೂ ಹತ್ತಿತು. 2011ರಲ್ಲಿ ರಾಜಿ ಆದಾಗ ಕಂಪನಿಯಿಂದ ಲೈಸೆನ್ಸ್ ಪಡೆದೇ ಪಂದ್ಯ ಮುಂದುವರಿಯಬೇಕಾಯಿತು. ಒಲಿಂಪಿಕ್ಸ್ ಸಮಿತಿ ಕೂಡ ಇದರಲ್ಲಿ ಕಾಲೂರೋಕೆ ಇನ್ನೂ ಒದ್ದಾಡುತ್ತಿದೆ. 2024ರಲ್ಲಿ ಸೌದಿ ಅರೇಬಿಯಾ ಜೊತೆ ಸೇರಿ ಒಲಿಂಪಿಕ್ ಇ-ಸ್ಪೋರ್ಟ್ಸ್ ಗೇಮ್ಸ್ ನಡೆಸೋಣ ಅಂತ ತೀರ್ಮಾನಿಸಿದರು, 2025ರ ಅಕ್ಟೋಬರ್‌ನಲ್ಲಿ ಆ ಒಪ್ಪಂದವೇ ಮುರಿಯಿತು.

ಅಂದರೆ ನಿಮ್ಮ ತಮ್ಮನ ಮೇಲೆ ಅಧಿಕಾರ ಯಾವುದರಿಂದ ಬಂತು? ಅವನು ಒತ್ತಿದ 'ಒಪ್ಪಿದ್ದೇನೆ' ಬಟನ್‌ನಿಂದ. ಗೇಮ್ ಹಾಕಿಕೊಳ್ಳುವಾಗ ಒಂದು ಸಲ ಒತ್ತಿದ್ದಾನೆ, ಅದು ಪಬ್ಲಿಷರ್ ಜೊತೆಗಿನ ಒಪ್ಪಂದ. ಟೂರ್ನಮೆಂಟ್‌ಗೆ ಹೆಸರು ಕೊಡುವಾಗ ಇನ್ನೊಂದು ಸಲ ಒತ್ತಿದ್ದಾನೆ, ಅದು ಆಯೋಜಕರ ರೂಲ್‌ಬುಕ್. ಈ ಆಟದ ಆಡಳಿತ ಬಹುಪಾಲು ಒಪ್ಪಂದಗಳ ಮೇಲೆ ನಿಂತಿದೆ. ಇದು ಕೇಳೋಕೆ ಬೇಸರದ ಸುದ್ದಿ, ಆದರೆ ಇದರಲ್ಲೇ ನಿಮಗೆ ಒಂದು ಹಿಡಿ ಸಿಗುತ್ತದೆ. ಒಪ್ಪಂದ ಎರಡು ಕಡೆಯನ್ನೂ ಕಟ್ಟುತ್ತದೆ. ರೂಲ್‌ಬುಕ್‌ನಲ್ಲಿ 'ಆಟಗಾರನಿಗೆ ಕಾರಣ ತಿಳಿಸಬೇಕು, ಇಷ್ಟು ದಿನದಲ್ಲಿ ಅಪೀಲು ಮಾಡಬಹುದು' ಅಂತ ಇದ್ದರೆ ಅದನ್ನು ಅವರೂ ಪಾಲಿಸಬೇಕು. ಮೇಲ್‌ನಲ್ಲಿ 'ಅಂತಿಮ' ಅಂತ ಬರೆದ ಮಾತ್ರಕ್ಕೆ ಅಂತಿಮ ಆಗೋದಿಲ್ಲ. ರೂಲ್‌ಬುಕ್ ಏನು ಹೇಳುತ್ತದೆ ಅನ್ನೋದು ಮುಖ್ಯ. ಟೂರ್ನಮೆಂಟ್ ನಡೆದಾಗ ಇದ್ದ ರೂಲ್‌ಬುಕ್‌ನ ಪ್ರತಿ ಇಟ್ಟುಕೊಳ್ಳಿ. ಆಮೇಲೆ ಸದ್ದಿಲ್ಲದೆ ತಿದ್ದಿದ್ದನ್ನು ನಾನೇ ನೋಡಿದ್ದೇನೆ.

ಇನ್ನು, ಬ್ಯಾನ್ ಎಲ್ಲ ಕಡೆ ಅನ್ವಯಿಸುತ್ತಾ ಅನ್ನೋ ಪ್ರಶ್ನೆ. ಇದು ಬ್ಯಾನ್ ಹಾಕಿದ್ದು ಯಾರು ಅನ್ನೋದರ ಮೇಲೆ ನಿಂತಿದೆ. ಪಬ್ಲಿಷರ್‌ನ ಆಂಟಿ-ಚೀಟ್, ಅಂದರೆ ಮೋಸ ಪತ್ತೆ ಮಾಡುವ ತಂತ್ರಾಂಶ, ಅಕೌಂಟನ್ನೇ ಬ್ಯಾನ್ ಮಾಡಿದ್ದರೆ ಅದು ದೊಡ್ಡ ಪೆಟ್ಟು, ಆ ಗೇಮ್‌ನ ಬಹುತೇಕ ಎಲ್ಲ ಟೂರ್ನಮೆಂಟ್‌ಗೂ ಅಡ್ಡ ಬರುತ್ತದೆ. ಆಯೋಜಕರು ಮಾತ್ರ ಹಾಕಿದ್ದರೆ ಅದು ಅವರ ಪಂದ್ಯಗಳಿಗೆ ಸೀಮಿತ, ಬೇರೆಯವರು ಗೌರವಿಸಲೂಬಹುದು, ಬಿಡಲೂಬಹುದು. ಮೂರನೆಯದು ಇ-ಸ್ಪೋರ್ಟ್ಸ್ ಇಂಟೆಗ್ರಿಟಿ ಕಮಿಷನ್, ಚಿಕ್ಕದಾಗಿ ಇಸಿಕ್. ಮೋಸ, ಮ್ಯಾಚ್ ಫಿಕ್ಸಿಂಗ್ ತಡೆಯೋಕೆ 2016ರಲ್ಲಿ ಶುರುವಾದ ಈ ಸಂಸ್ಥೆಗೆ ಹಲವು ಟೂರ್ನಮೆಂಟ್ ಆಯೋಜಕರು ಸದಸ್ಯರು. ಅದು ಹಾಕಿದ ಬ್ಯಾನನ್ನು ಸದಸ್ಯರೆಲ್ಲ ಪಾಲಿಸುತ್ತಾರೆ. ಸದಸ್ಯರಲ್ಲದವರಿಗೆ ಅದು ಕಟ್ಟುಪಾಡಲ್ಲ.

ಅಮೆರಿಕದ ಐಬೈಪವರ್ ಟೀಮ್‌ನ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. 2014ರ ಆಗಸ್ಟ್‌ನಲ್ಲಿ ಅವರು ಒಂದು ಕೌಂಟರ್-ಸ್ಟ್ರೈಕ್ ಪಂದ್ಯವನ್ನು ಬೇಕೆಂದೇ ಸೋತರು. 2015ರ ಜನವರಿಯಲ್ಲಿ ವಾಲ್ವ್ ಇದಕ್ಕೆ ಸಂಬಂಧಿಸಿದ ಏಳು ಜನರನ್ನು ತನ್ನ ಟೂರ್ನಮೆಂಟ್‌ಗಳಿಂದ ಹೊರಗಿಟ್ಟಿತು, ಬೇರೆ ಆಯೋಜಕರೂ ಅದನ್ನೇ ಪಾಲಿಸಿದರು. 2016ರಲ್ಲಿ ವಾಲ್ವ್ ಅದನ್ನು ಶಾಶ್ವತ ಅಂದಿತು. ಆದರೆ 2017ರಲ್ಲಿ ಇಎಸ್‌ಎಲ್ ಅನ್ನೋ ದೊಡ್ಡ ಆಯೋಜಕ ಸಂಸ್ಥೆ ತನ್ನ ಮಟ್ಟಿಗೆ ಬ್ಯಾನ್ ತೆಗೆಯಿತು. ಅದೇ ಆಟಗಾರ, ಅದೇ ತಪ್ಪು. ಒಂದು ಕಡೆ ಆಡಬಹುದು, ಇನ್ನೊಂದು ಕಡೆ ಆಡುವ ಹಾಗಿಲ್ಲ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆ ಇದಾಗಿರಬೇಕು: ಈ ಬ್ಯಾನ್ ನಿಮ್ಮದಾ, ಪಬ್ಲಿಷರ್‌ದಾ, ಬೇರೆ ಯಾರಿಗಾದರೂ ಈ ಹೆಸರು ಕಳಿಸಿದ್ದೀರಾ? ನಿಮ್ಮ ತಮ್ಮನಿಗೆ ತನ್ನ ಮಾಮೂಲಿ ಅಕೌಂಟ್‌ನಲ್ಲಿ ಗೇಮ್ ತೆರೆದು ಇವತ್ತೂ ಆಡೋಕೆ ಆಗುತ್ತಿದ್ದರೆ, ಪಬ್ಲಿಷರ್ ಅಕೌಂಟಿಗೆ ಕೈ ಹಾಕಿಲ್ಲ ಅನ್ನೋದಕ್ಕೆ ಅದು ಒಳ್ಳೆಯ ಸೂಚನೆ.

ಈಗ ಸ್ವಲ್ಪ ಕಷ್ಟದ ಮಾತು. ನೀವು ತಮ್ಮನನ್ನು ನಂಬುತ್ತೀರಿ, ನಂಬಲೇಬೇಕು. ಆದರೂ ಒಮ್ಮೆ ಅಪ್ಪ-ಅಮ್ಮ, ದೊಡ್ಡಪ್ಪ ಯಾರೂ ಇಲ್ಲದಾಗ, ಬೈಯದೆ ಕೇಳಿ. ಚೀಟ್ ಅಂದರೆ ಗೋಡೆಯಾಚೆ ಇರುವ ಎದುರಾಳಿಯನ್ನು ತೋರಿಸುವ ಸಾಫ್ಟ್‌ವೇರ್ ಒಂದೇ ಅಲ್ಲ. ಬೇರೆಯವರ ಅಕೌಂಟ್‌ನಲ್ಲಿ ಆಡೋದು, ಅದೇ ಪಂದ್ಯದ ಪ್ರಸಾರವನ್ನು ಇನ್ನೊಂದು ಸ್ಕ್ರೀನಿನಲ್ಲಿ ನೋಡ್ತಾ ಆಡೋದು, ವಯಸ್ಸು ಸುಳ್ಳು ಹೇಳೋದು, ಇವೂ ರೂಲ್‌ಬುಕ್‌ನಲ್ಲಿ ಉಲ್ಲಂಘನೆಯೇ. ಹುಡುಗರು ಎಷ್ಟೋ ಸಲ ಇದನ್ನೆಲ್ಲ ತಪ್ಪು ಅಂತ ಲೆಕ್ಕಕ್ಕೇ ಇಡೋದಿಲ್ಲ. ಬೇಕೆಂದೇ ಮಾಡುವವರೂ ಇದ್ದಾರೆ. 2018ರಲ್ಲಿ ಶಾಂಘೈನಲ್ಲಿ ನಡೆದ ಟೂರ್ನಮೆಂಟ್‌ನಲ್ಲಿ ಒಬ್ಬ ಆಟಗಾರ ವೇದಿಕೆಯ ಕಂಪ್ಯೂಟರ್‌ನಲ್ಲೇ ಚೀಟ್ ಓಡಿಸಿ ಸಿಕ್ಕಿಬಿದ್ದ. ಆ ಚೀಟ್ ಫೈಲ್‌ಗೆ ವರ್ಡ್ ಅಂತ ಹೆಸರಿಟ್ಟಿದ್ದ. ರೆಫರಿ ಹತ್ತಿರ ಬಂದಾಗ ಅದನ್ನು ಅಳಿಸೋಕೆ ನೋಡಿದ. ಅವನ ಜೊತೆಗಿದ್ದ ನಾಲ್ವರ ಟೀಮ್ ಅಲ್ಲಿಗೇ ಮುಗಿಯಿತು. 2020ರಲ್ಲಿ ಇಸಿಕ್ 37 ಕೌಂಟರ್-ಸ್ಟ್ರೈಕ್ ಕೋಚ್‌ಗಳಿಗೆ ಶಿಕ್ಷೆ ಕೊಟ್ಟಿತು. ಗೇಮ್‌ನ ಒಂದು ದೋಷದಿಂದ ಎದುರಾಳಿಗಳು ಎಲ್ಲಿದ್ದಾರೆ ಅಂತ ಅವರಿಗೆ ಕಾಣುತ್ತಿತ್ತು, ಸುಮ್ಮನೆ ನೋಡಿಕೊಂಡಿದ್ದರು. ತಾವಾಗಿ ಒಪ್ಪಿಕೊಂಡವರಿಗೆ ಶಿಕ್ಷೆ ಕಡಿಮೆ ಮಾಡಿದರು. ತಮ್ಮನಿಂದ ಏನಾದರೂ ಆಗಿದ್ದರೆ ಈಗಲೇ ಹೇಳೋದು ಒಳ್ಳೆಯದು. ಅಪೀಲಿನಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅದು ಇನ್ನೊಂದು ಅಪರಾಧ ಆಗುತ್ತದೆ.

ಅವನು ಏನೂ ಮಾಡಿಲ್ಲದೆ ಇರಬಹುದು. ಅದೂ ಆಗುತ್ತದೆ. 2010ರಲ್ಲಿ ವಾಲ್ವ್‌ನ ಆಂಟಿ-ಚೀಟ್ ತಪ್ಪಾಗಿ ಸುಮಾರು 12,000 ಆಟಗಾರರನ್ನು ಬ್ಯಾನ್ ಮಾಡಿತ್ತು. ಆಮೇಲೆ ಕಂಪನಿಯೇ ಕ್ಷಮೆ ಕೇಳಿ ತೆಗೆಯಿತು. 2023ರಲ್ಲಿ ಎಎಂಡಿ ಕಂಪನಿ ಗ್ರಾಫಿಕ್ಸ್ ಕಾರ್ಡ್‌ಗೆ ಹೊಸ ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಬಿಟ್ಟಿತು. ಅದರಲ್ಲಿದ್ದ ಒಂದು ಸೌಲಭ್ಯ ಆನ್ ಮಾಡಿಕೊಂಡು ಕೌಂಟರ್-ಸ್ಟ್ರೈಕ್ 2 ಆಡಿದವರು ಬ್ಯಾನ್ ಆದರು. ಆ ಸೌಲಭ್ಯ ಗೇಮ್‌ನ ಕೋಡ್ ಒಳಗೆ ಕೈ ಹಾಕುತ್ತಿದ್ದದ್ದು ಆಂಟಿ-ಚೀಟ್‌ಗೆ ಚೀಟ್ ಥರ ಕಂಡಿತ್ತು. ಕಂಪ್ಯೂಟರ್ ಅಪ್‌ಡೇಟ್ ಮಾಡಿದ್ದೇ ಅವರ ತಪ್ಪು! ಹಾಗಾಗಿ ಆ ವಾರ ತಮ್ಮನ ಕಂಪ್ಯೂಟರ್‌ಗೆ ಏನೇನು ಹೊಸದಾಗಿ ಹಾಕಿದ್ದ, ಯಾವ ಡ್ರೈವರ್, ಮೌಸ್‌ನ ಯಾವ ಸಾಫ್ಟ್‌ವೇರ್, ಸ್ಕ್ರೀನ್ ರೆಕಾರ್ಡ್ ಮಾಡುವ ಯಾವ ಪ್ರೋಗ್ರಾಂ, ಎಲ್ಲವನ್ನೂ ದಿನಾಂಕದ ಜೊತೆ ಬರೆದಿಡಿ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬೇಡಿ. ಗಾಬರಿಯಲ್ಲಿ ತುಂಬ ಜನ ಮೊದಲು ಮಾಡೋದು ಅದನ್ನೇ, ನೋಡುವವರಿಗೆ ಸಾಕ್ಷಿ ಅಳಿಸಿದ ಹಾಗೆ ಕಾಣುತ್ತದೆ.

ರಿಪ್ಲೇ ಫೈಲ್ ವಿಷಯ ಈಗ ಹೇಳುತ್ತೇನೆ. ನಾನು ರೆಫರಿಯಾಗಿ ಮೂರು ವರ್ಷ ಆಗಿತ್ತು. ಒಂದು ರಾತ್ರಿ ಎದುರಾಳಿ ಟೀಮ್‌ನವರು ದೂರು ಕೊಟ್ಟರು. 16 ವರ್ಷದ ಒಬ್ಬ ಹುಡುಗ ಗೋಡೆಯಾಚೆ ನೋಡುತ್ತಿದ್ದಾನೆ ಅಂತ. ನಾವು ಮೂವರು ಕೂತು ರಿಪ್ಲೇಯನ್ನು ಕಾಲು ವೇಗದಲ್ಲಿ ಓಡಿಸಿದೆವು. ಏಳನೇ ಸುತ್ತಿನಲ್ಲಿ ಅವನ ಗುರಿಯ ಚುಕ್ಕೆ ಮರದ ಬಾಗಿಲಿನ ಮೇಲೆ ನಿಂತಿತು. ಬಾಗಿಲ ಹಿಂದೆ ಎದುರಾಳಿ ಸರಿಯುತ್ತಿದ್ದ, ಚುಕ್ಕೆಯೂ ಅವನ ಜೊತೆಗೇ ಸರಿಯಿತು. ಹನ್ನೊಂದನೇ ಸುತ್ತಿನಲ್ಲೂ ಹಾಗೇ. ರಾತ್ರಿ ಒಂದು ಗಂಟೆ, ಬೆಳಿಗ್ಗೆ ಫೈನಲ್. ಬ್ಯಾನ್ ಅಂತ ತೀರ್ಮಾನಿಸಿದೆವು. ಮೇಲ್ ಬರೆದದ್ದು ನಾನು. ಎರಡೇ ಸಾಲು, ಹೆಚ್ಚುಕಡಿಮೆ ನಿಮಗೆ ಬಂದ ಮೇಲ್‌ನದೇ ಮಾತುಗಳು.

ಎರಡು ತಿಂಗಳ ಮೇಲೆ ಆ ಹುಡುಗನ ಟೀಮ್‌ಮೇಟ್ ಒಬ್ಬ ಒಂದು ಆಡಿಯೋ ಕಳಿಸಿದ. ಪಂದ್ಯದ ವೇಳೆ ಅವರ ಟೀಮ್ ಆಡಿಕೊಂಡ ಮಾತುಗಳ ರೆಕಾರ್ಡಿಂಗ್. 'ಬಾಗಿಲ ಹಿಂದೆ ಒಬ್ಬ, ನಿನ್ನ ಎಡಕ್ಕೆ ಹೋಗ್ತಿದ್ದಾನೆ, ಹೋಗ್ತಿದ್ದಾನೆ' ಅಂತ ಒಬ್ಬ ಕೂಗುತ್ತಿದ್ದ. ಕಿಟಕಿ ಕಡೆ ನಿಂತಿದ್ದ ಅವನಿಗೆ ಎದುರಾಳಿ ಕಾಣುತ್ತಿದ್ದ. ರಿಪ್ಲೇಯಲ್ಲಿ ಟೀಮ್‌ನ ಮಾತು ಕೇಳಿಸೋದಿಲ್ಲ, ನಾವು ಕೇಳಲೂ ಇಲ್ಲ. ಆ ಮಾತು ಏಳನೇ ಸುತ್ತಿನದೇ ಅಂತ ತಾಳೆ ನೋಡೋಣ ಅಂದರೆ ರಿಪ್ಲೇ ಫೈಲ್ ಇರಲಿಲ್ಲ. ಜಾಗ ಸಾಲದು ಅಂತ ಆಯೋಜಕರು ಅಳಿಸಿದ್ದರು. ತಪ್ಪಿತಸ್ಥ ಅನ್ನೋಕೂ ಆಗಲಿಲ್ಲ, ಅಲ್ಲ ಅನ್ನೋಕೂ ಆಗಲಿಲ್ಲ. ಬ್ಯಾನ್ ಹಾಗೇ ಉಳಿಯಿತು. ಆ ಹುಡುಗ ಮತ್ತೆ ಆಡಲಿಲ್ಲ. ನಿಮ್ಮ ಪತ್ರ ಓದಿದಾಗ ಮೊದಲು ನೆನಪಾದದ್ದು ಅವನೇ.

ಅದಕ್ಕೇ ರಿಪ್ಲೇ ಅಂದೆ. ಕೆಲವು ಗೇಮ್‌ಗಳಲ್ಲಿ ಹೊಸ ಅಪ್‌ಡೇಟ್ ಬಂದ ಮೇಲೆ ಹಳೆಯ ರಿಪ್ಲೇ ತೆರೆಯೋದೇ ಇಲ್ಲ. ಅಂಥ ಗೇಮ್ ಆದರೆ ಈಗಲೇ ಅದನ್ನು ಓಡಿಸಿ, ಸ್ಕ್ರೀನ್ ರೆಕಾರ್ಡ್ ಮಾಡಿ ಇಡಿ. ಟೀಮ್‌ನವರ ಮಾತಿನ ರೆಕಾರ್ಡಿಂಗ್ ಯಾರ ಹತ್ತಿರವಾದರೂ ಇದೆಯಾ ಕೇಳಿ.

ಆಮೇಲೆ ಅಪೀಲು. ರೂಲ್‌ಬುಕ್‌ನಲ್ಲಿ ಗಡುವು ಇರುತ್ತದೆ, ಕೆಲವು ಕಡೆ ಎರಡು-ಮೂರು ದಿನ ಮಾತ್ರ. ಗಡುವು ಮುಗಿದಿದ್ದರೂ ಬರೆಯಿರಿ. ಕಾರಣವನ್ನೇ ತಿಳಿಸದಿದ್ದರೆ ಯಾವುದರ ಮೇಲೆ ಅಪೀಲು ಮಾಡೋದು ಅಂತ ಕೇಳೋದು ನ್ಯಾಯವಾದ ಮಾತು. ಪತ್ರ ಚಿಕ್ಕದಾಗಿರಲಿ. ಯಾವ ನಿಯಮ ಮುರಿದದ್ದು, ಯಾವ ಪಂದ್ಯದ ಯಾವ ಸುತ್ತಿನಲ್ಲಿ, ತೀರ್ಮಾನ ಮಾಡಿದವರು ಎಷ್ಟು ಜನ, ಅಪೀಲು ಕೇಳುವವರು ಅವರೇನಾ ಬೇರೆಯವರಾ, ಇಷ್ಟನ್ನು ಕೇಳಿ. ಅಳುವುದು, ಬೈಯುವುದು ಬೇಡ. ಚೀಟ್ ಪತ್ತೆ ಮಾಡಿದ ವಿಧಾನವನ್ನು ಅವರು ಪೂರ್ತಿ ಹೇಳೋದಿಲ್ಲ. ಹೇಳಿದರೆ ಚೀಟ್ ತಯಾರಿಸುವವರಿಗೆ ದಾರಿ ತೋರಿಸಿದ ಹಾಗಾಗುತ್ತದೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಆರೋಪ ಏನು ಅಂತ ಹೇಳದೆ ಇರೋದಕ್ಕೆ ಅದು ನೆಪ ಆಗಬಾರದು.

ಉತ್ತರ ಬರದಿದ್ದರೆ ಪಬ್ಲಿಷರ್‌ಗೆ ಬರೆಯಬಹುದು. ಲೈಸೆನ್ಸ್ ಕೊಟ್ಟವರು ಅವರೇ ಆದ್ದರಿಂದ ಆಯೋಜಕರು ಅವರ ಮಾತಿಗೆ ಬೆಲೆ ಕೊಡುತ್ತಾರೆ. ಅಪಾಯವೂ ಇದೆ. ಪಬ್ಲಿಷರ್ ಕೂಡ ತನಿಖೆ ಶುರು ಮಾಡಿ ಅಕೌಂಟನ್ನೇ ನೋಡಬಹುದು. ಮನಸ್ಸು ಸ್ವಚ್ಛ ಇದ್ದರೆ ಹೆದರಬೇಕಿಲ್ಲ. ಆಯೋಜಕರು ಇಸಿಕ್ ಸದಸ್ಯರಾಗಿದ್ದರೆ ಅಲ್ಲಿಗೂ ದೂರು ಹೋಗಬಹುದು. ಈಚೆಗೆ ಇಸಿಕ್ ಮತ್ತು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ಸೇರಿ ಗೇಮ್ ಮತ್ತು ಇ-ಸ್ಪೋರ್ಟ್ಸ್ ವ್ಯಾಜ್ಯಗಳಿಗೆ ಒಂದು ಅಂತರರಾಷ್ಟ್ರೀಯ ನ್ಯಾಯಮಂಡಳಿಯನ್ನು ರೂಪಿಸಿವೆ. ರಾಯಟ್ ಕೂಡ ಯುರೋಪಿನ ತನ್ನ ವೃತ್ತಿಪರ ಲೀಗ್‌ಗಳಿಗೆ ಸ್ವತಂತ್ರ ಪಂಚಾಯ್ತಿ ವ್ಯವಸ್ಥೆ ತಂದಿದೆ. ಇವು ಸದ್ಯಕ್ಕೆ ನಿಮ್ಮ ತಮ್ಮನಂಥ ಹವ್ಯಾಸಿ ಆಟಗಾರನ ಕೈಗೆ ಎಟುಕೋದು ಕಷ್ಟ. ಆದರೂ ಆಡಿದವನಿಗೆ ಹೊರಗಿನ ಒಂದು ಕಿವಿ ಬೇಕು ಅನ್ನೋದನ್ನು ಈ ಉದ್ಯಮ ಕೊನೆಗೂ ಒಪ್ಪಿಕೊಂಡಿದೆ ಅನ್ನೋದು ನನಗೆ ನಿಜಕ್ಕೂ ಸಮಾಧಾನದ ಸಂಗತಿ.

ಕೋರ್ಟಿಗೆ ಹೋಗಬಹುದಾ? ಹೋಗಬಹುದು, ಒಪ್ಪಂದ ಮುರಿದರೆ ಎಲ್ಲ ಕಡೆಯೂ ಸಿವಿಲ್ ಕೋರ್ಟು ಇದೆ. ಆದರೆ ಆಯೋಜಕರು ಬೇರೆ ದೇಶದಲ್ಲಿ ನೋಂದಣಿಯಾಗಿದ್ದರೆ ರೂಲ್‌ಬುಕ್‌ನಲ್ಲಿ ಅಲ್ಲಿಯ ಕೋರ್ಟಿನ ಹೆಸರೇ ಇರುತ್ತದೆ. ಖರ್ಚು ಬಹುಮಾನಕ್ಕಿಂತ ಜಾಸ್ತಿ ಆಗುತ್ತದೆ. ಎರಡು ವರ್ಷದ ಬ್ಯಾನ್ ಮುಗಿದರೂ ಕೇಸು ಮುಗಿಯದೆ ಇರಬಹುದು. ಚೀಟ್ ಮಾಡಿದನಾ ಇಲ್ಲವಾ ಅನ್ನೋದಕ್ಕೆ ಕೋರ್ಟು ಸಾಮಾನ್ಯವಾಗಿ ಕೈ ಹಾಕೋದಿಲ್ಲ, ಆಯೋಜಕರು ತಮ್ಮದೇ ನಿಯಮ ಪಾಲಿಸಿದರಾ ಅಂತ ನೋಡುತ್ತದೆ. ಹಣ ದೊಡ್ಡದಿದ್ದರೆ ವಕೀಲರಿಂದ ಒಂದು ನೋಟಿಸ್ ಕಳಿಸೋದು ಮಧ್ಯದ ದಾರಿ.

ಒಂದು ದಾರಿ ಮಾತ್ರ ಬೇಡ. ಸ್ಕ್ರೀನ್‌ಶಾಟ್ ಹಾಕಿ, ರೆಫರಿಯ ಹೆಸರು ಬರೆದು ಸೋಶಿಯಲ್ ಮೀಡಿಯಾದಲ್ಲಿ ಜಗಳಕ್ಕೆ ಇಳಿಯೋದು. ಒಂದು ದಿನ ಜನ ನಿಮ್ಮ ಪರ ಇರುತ್ತಾರೆ. ಮಾರನೇ ದಿನ ತಮ್ಮನ ಹಳೆಯ ವಿಡಿಯೋಗಳನ್ನೆಲ್ಲ ಕೆದಕಿ ಅವನನ್ನೇ ಹರಿದು ಹಾಕುತ್ತಾರೆ. ಅವನಿಗೆ 17 ವರ್ಷ.

ದೊಡ್ಡಪ್ಪನ ಮಾತಿಗೆ ಬರೋಣ. ಜೂಜು ಅಂದರೆ ಫಲಿತಾಂಶದ ಮೇಲೆ ಹಣ ಕಟ್ಟೋದು. ಆಡಿ ಗೆದ್ದವರಿಗೆ ಬಹುಮಾನ ಕೊಡೋದು ಬೇರೆ. ಈ ಗೆರೆಯನ್ನು ಹಲವು ದೇಶಗಳ ಕಾನೂನು ಎಳೆದಿದೆ. ಕೊರಿಯಾದಲ್ಲಿ ಇ-ಸ್ಪೋರ್ಟ್ಸ್ ಉತ್ತೇಜನಕ್ಕೆ 2012ರಿಂದ ಪ್ರತ್ಯೇಕ ಕಾಯ್ದೆ ಇದೆ. ಫ್ರಾನ್ಸ್ 2016ರಲ್ಲಿ ವಿಡಿಯೋ ಗೇಮ್ ಸ್ಪರ್ಧೆಗಳನ್ನು ಲಾಟರಿ ಕಾನೂನಿನಿಂದ ಹೊರಗಿಟ್ಟು ಮಾನ್ಯ ಮಾಡಿತು. ಭಾರತದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಸ್ಪೋರ್ಟ್ಸ್ ಬೇರೆ, ಹಣ ಪಣಕ್ಕಿಟ್ಟು ಆಡುವ ಗೇಮ್ ಬೇರೆ ಅಂತ ವಿಂಗಡಿಸಿ ಎರಡನೆಯದನ್ನು ನಿಷೇಧಿಸಿತು. ಚೀನಾ 2021ರಲ್ಲಿ 18ರೊಳಗಿನ ಮಕ್ಕಳಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜೆಯ ದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಆನ್‌ಲೈನ್ ಗೇಮ್ ಅಂತ ಮಾಡಿತು. ಕಾನೂನೇ ಇಲ್ಲ ಅನ್ನೋದು ಸರಿಯಲ್ಲ.

ಆದರೆ ದೊಡ್ಡಪ್ಪನ ಭಯ ಪೂರ್ತಿ ಸುಳ್ಳೂ ಅಲ್ಲ. ಪಂದ್ಯ ಇದ್ದ ಕಡೆ ಬೆಟ್ಟಿಂಗ್ ಇರುತ್ತದೆ. 2010ರಲ್ಲಿ ಕೊರಿಯಾದಲ್ಲಿ ಹನ್ನೊಂದು ಸ್ಟಾರ್‌ಕ್ರಾಫ್ಟ್ ಆಟಗಾರರಿಗೆ ಮ್ಯಾಚ್ ಫಿಕ್ಸಿಂಗ್‌ಗಾಗಿ ಆಜೀವ ನಿಷೇಧ ಬಿತ್ತು. ಅವರಲ್ಲಿ ಚಾಂಪಿಯನ್ ಆಗಿದ್ದವರೂ ಇದ್ದರು. ಗೇಮ್‌ನೊಳಗೆ ಸಿಗುವ ಬಂದೂಕಿನ ಬಣ್ಣಬಣ್ಣದ ಸ್ಕಿನ್‌ಗಳನ್ನೇ ಚಿಪ್ಸ್ ಥರ ಬಳಸುವ ಜೂಜಿನ ಸೈಟುಗಳು ಹುಟ್ಟಿದವು. 2016ರಲ್ಲಿ ವಾಲ್ವ್ ಅಂಥ 23 ಸೈಟುಗಳಿಗೆ ನಿಲ್ಲಿಸಿ ಅಂತ ನೋಟಿಸ್ ಕಳಿಸಬೇಕಾಯಿತು. ಫಿಕ್ಸರ್‌ಗಳು ಹೋಗೋದು ಕೋಟ್ಯಧಿಪತಿ ಸ್ಟಾರ್‌ಗಳ ಹತ್ತಿರ ಅಲ್ಲ, ಸಂಬಳ ಇಲ್ಲದ, ಕೆಳಗಿನ ಹಂತದ ಹುಡುಗರ ಹತ್ತಿರ. ಬ್ಯಾನ್ ಆಗಿ ಸೋತು ಕೂತವನು ಅವರಿಗೆ ಸುಲಭದ ತುತ್ತು. 'ಬೇರೆ ಹೆಸರಲ್ಲಿ ಆಡು, ಒಂದು ಮ್ಯಾಪ್ ಬಿಟ್ಟುಕೊಡು', ಅಂದರೆ ಪಂದ್ಯದ ಒಂದು ಭಾಗವನ್ನು ಬೇಕೆಂದೇ ಸೋಲು, ಅಂತ ಯಾರಾದರೂ ಕೇಳಿದರೆ ತಕ್ಷಣ ನಿಮಗೆ ಹೇಳುವಷ್ಟು ಸಲಿಗೆ ತಮ್ಮನ ಜೊತೆ ಇರಲಿ. ಬೇರೆ ಹೆಸರಲ್ಲಿ ಒಂದು ಪಂದ್ಯ ಆಡಿ ಸಿಕ್ಕಿಬಿದ್ದರೂ ಎರಡು ವರ್ಷದ ಬ್ಯಾನ್ ಇನ್ನಷ್ಟು ಉದ್ದ ಆಗುತ್ತದೆ.

ಕಾಂಟ್ರ್ಯಾಕ್ಟ್ ವಿಷಯದಲ್ಲಿ ನಾನು ಸ್ಪಷ್ಟವಾಗಿ ಹೇಳುತ್ತೇನೆ. ಮುಚ್ಚಿಟ್ಟು ಸಹಿ ಹಾಕಬೇಡಿ. ಇಂಥ ಕಾಂಟ್ರ್ಯಾಕ್ಟ್‌ಗಳಲ್ಲಿ 'ನನ್ನ ಮೇಲೆ ಯಾವುದೇ ಬ್ಯಾನ್ ಇಲ್ಲ' ಅನ್ನೋ ಸಾಲು ಇರುತ್ತದೆ. ಸುಳ್ಳು ಅಂತ ಗೊತ್ತಾದ ದಿನ ಅವರು ಕಾಂಟ್ರ್ಯಾಕ್ಟ್ ರದ್ದು ಮಾಡಿ ಕೊಟ್ಟ ಹಣವನ್ನೂ ವಾಪಸ್ ಕೇಳಬಹುದು. ಬ್ಯಾನ್ ಬಗ್ಗೆ ತಿಳಿಸಿ, ಅಪೀಲು ಹಾಕಿದ್ದೇವೆ ಅಂತಲೂ ತಿಳಿಸಿ. ಒಳ್ಳೆಯ ಟೀಮ್ ಆದರೆ ಕಾಯುತ್ತಾರೆ, ಅವರ ಮ್ಯಾನೇಜರ್‌ಗೆ ಆಯೋಜಕರ ಪರಿಚಯವಿದ್ದರೆ ಸಹಾಯವೂ ಆಗಬಹುದು. ಕೈಬಿಟ್ಟರೂ ಹೆಸರು ಕೆಡೋದಿಲ್ಲ.

ಬ್ಯಾನ್ ಇಲ್ಲದಿದ್ದರೂ ನಾಲ್ಕು ವರ್ಷ ಅಂದರೆ ನಾನು ತಡೆಯುತ್ತಿದ್ದೆ. ಈ ಆಟದಲ್ಲಿ ನಾಲ್ಕು ವರ್ಷ ತುಂಬ ದೀರ್ಘ. 2019ರಲ್ಲಿ ಕೊರಿಯಾದ ಒಬ್ಬ ಅಪ್ರಾಪ್ತ ಆಟಗಾರನನ್ನು ಒತ್ತಡ ಹಾಕಿ ಹೊರದೇಶದ ಟೀಮ್‌ಗೆ ದೀರ್ಘಾವಧಿ ಒಪ್ಪಂದಕ್ಕೆ ದೂಡಿದ್ದು ಬಯಲಾಗಿ ದೇಶವೇ ಸಿಟ್ಟಾಯಿತು. ಮಾರನೇ ವರ್ಷ ಕಾನೂನು ತಿದ್ದಿ ಸರ್ಕಾರವೇ ಮಾದರಿ ಕಾಂಟ್ರ್ಯಾಕ್ಟ್ ತಂದಿತು. ಬಲವಾದ ಆಟಗಾರರ ಸಂಘ ಇಲ್ಲಿ ಅಪರೂಪ. 2023ರಲ್ಲಿ ಉತ್ತರ ಅಮೆರಿಕದ ಲೀಗ್ ಆಫ್ ಲೆಜೆಂಡ್ಸ್ ಆಟಗಾರರು ಒಟ್ಟಾಗಿ ಆಡೋದಿಲ್ಲ ಅಂತ ಕೂತಾಗ ಸೀಸನ್ ಸುಮಾರು ಎರಡು ವಾರ ಮುಂದೆ ಹೋಯಿತು. ಅಂಥ ಒಗ್ಗಟ್ಟು ಎಲ್ಲ ಕಡೆ ಇಲ್ಲ. ಹಾಗಾಗಿ ಕಾಗದದಲ್ಲಿ ಇರೋದಷ್ಟೇ ನಿಮ್ಮ ರಕ್ಷಣೆ.

ಬಹಳ ದೇಶಗಳಲ್ಲಿ 18 ತುಂಬದವನ ಸಹಿಗೆ ಪೂರ್ತಿ ಬಲ ಇರೋದಿಲ್ಲ. ಅದಕ್ಕೇ ಪೋಷಕರ ಸಹಿ ಕೇಳುತ್ತಾರೆ. ಅಪ್ಪ-ಅಮ್ಮ ಸಹಿ ಹಾಕುವ ಮುಂಚೆ ಕೆಲವು ಸಾಲುಗಳನ್ನು ನಿಧಾನವಾಗಿ ಓದಿ. ಬಿಡಬೇಕಾದರೆ ಎಷ್ಟು ಹಣ ಕಟ್ಟಬೇಕು? ಆಡಿಸದೆ ಬೆಂಚಿನಲ್ಲಿ ಕೂರಿಸಿದರೆ ಸಂಬಳ ಬರುತ್ತದಾ? ಬಹುಮಾನದಲ್ಲಿ, ಸ್ಟ್ರೀಮಿಂಗ್ ಆದಾಯದಲ್ಲಿ ಪಾಲೆಷ್ಟು? ಅವನ ಹೆಸರು, ಮುಖ ಬಳಸುವ ಹಕ್ಕು ಕಾಂಟ್ರ್ಯಾಕ್ಟ್ ಮುಗಿದ ಮೇಲೂ ಅವರ ಹತ್ತಿರವೇ ಉಳಿಯುತ್ತದಾ? ಹೀರೋಸ್ ಆಫ್ ದ ಸ್ಟಾರ್ಮ್ ಥರ ಲೀಗೇ ನಿಂತರೆ ಅವನು ಬಿಡುಗಡೆಯಾಗುತ್ತಾನಾ, ಅಥವಾ ಗೇಮ್ ಇಲ್ಲದಿದ್ದರೂ ಟೀಮ್‌ಗೆ ಕಟ್ಟಿಬಿದ್ದಿರುತ್ತಾನಾ? ಈ ಕೊನೆಯ ಪ್ರಶ್ನೆಗೆ ಹೆಚ್ಚಿನ ಕಾಂಟ್ರ್ಯಾಕ್ಟ್‌ಗಳಲ್ಲಿ ಉತ್ತರವೇ ಇರೋದಿಲ್ಲ. ಬರೆಸಿಕೊಳ್ಳಿ. ಒಂದು ವರ್ಷಕ್ಕೆ ಇಳಿಸಿ, ಎರಡೂ ಕಡೆ ಒಪ್ಪಿದರೆ ಮುಂದುವರಿಕೆ ಅಂತ ಕೇಳಿ. ಒಪ್ಪದಿದ್ದರೆ ಆ ಟೀಮ್ ನಿಮಗೆ ಬೇಡ ಅನ್ನೋದು ನನ್ನ ಅಭಿಪ್ರಾಯ.

ಕೊನೆಗೆ ಬಹುಮಾನದ ಹಣ. ಉಳಿದ ನಾಲ್ಕು ಹುಡುಗರನ್ನು ಮರೆಯಬೇಡಿ. ಒಬ್ಬನ ಮೇಲಿನ ಆರೋಪಕ್ಕೆ ಇಡೀ ಟೀಮ್‌ನ ಹಣ ಮುಟ್ಟುಗೋಲು ಹಾಕಬಹುದಾ ಅಂತ ರೂಲ್‌ಬುಕ್‌ನಲ್ಲಿ ನೋಡಿ. ಎಷ್ಟೋ ಕಡೆ ಹಾಕಬಹುದು ಅಂತಲೇ ಇರುತ್ತದೆ. ಆದರೆ ಅಪೀಲು ಮುಗಿಯುವವರೆಗೆ ಆ ಹಣವನ್ನು ಬೇರೆಯವರಿಗೆ ಹಂಚಬೇಡಿ ಅಂತ ಟೀಮ್ ಕ್ಯಾಪ್ಟನ್ ಹೆಸರಿನಲ್ಲಿ ಪ್ರತ್ಯೇಕವಾಗಿ ಬರೆಯಿರಿ. ಆ ನಾಲ್ವರೂ ತಮ್ಮನ ಪರ ನಿಂತು ಆ ರಾತ್ರಿ ಏನಾಯಿತು ಅಂತ ತಮ್ಮ ಮಾತಿನಲ್ಲಿ ಬರೆದು ಕೊಟ್ಟರೆ ಅಪೀಲಿಗೆ ಬಲ ಬರುತ್ತದೆ. ವಿಚಾರಣೆ ಇದ್ದರೆ ಅದು ವಿಡಿಯೋ ಕಾಲ್‌ನಲ್ಲಿ ಇರುತ್ತದೆ. ಅವತ್ತು ರಿಪ್ಲೇ ತೆರೆದಿಟ್ಟುಕೊಂಡು, ಅವರು ಕೇಳುವ ಪ್ರತಿ ಸುತ್ತಿಗೂ ಆ ಕ್ಷಣ ಏನು ಕೇಳಿಸಿತು, ಯಾಕೆ ಆ ಕಡೆ ತಿರುಗಿದೆ ಅಂತ ತಮ್ಮನೇ ವಿವರಿಸಲಿ. ಆಡಿದವನಿಗೆ ಮಾತ್ರ ಗೊತ್ತಿರುವ ವಿವರಗಳವು, ನೀವು ಅವನ ಪರವಾಗಿ ಹೇಳೋಕೆ ಆಗೋದಿಲ್ಲ. ನೀವು ಪಕ್ಕದಲ್ಲಿ ಕೂತು, ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳಿ.